ವಿತರಿತ ದತ್ತಸಂಚಯ: ಕೋಷ್ಟಕ ಮತ್ತು ವಹಿವಾಟು

ಒಂದೇ ಲೆಕ್ಕದ ಪುಸ್ತಕವನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟು, ಕೇಳಿದವರಿಗೆ ಅದು ಒಂದೇ ಪುಸ್ತಕ ಎಂಬಂತೆ ಉತ್ತರ ಕೊಡುವ ವ್ಯವಸ್ಥೆಗೆ ವಿತರಿತ ದತ್ತಸಂಚಯ ಎಂದು ಹೆಸರು. ಅದರಲ್ಲಿ ಮಾಹಿತಿ ಕೋಷ್ಟಕಗಳ ರೂಪದಲ್ಲಿರುತ್ತದೆ. ಕೋಷ್ಟಕದ ಒಂದೊಂದು ಅಡ್ಡಸಾಲು ಒಂದೊಂದು ದಾಖಲೆ. ಹಲವು ಸಾಲುಗಳಲ್ಲಿ ಆಗಬೇಕಾದ ಬದಲಾವಣೆಗಳನ್ನು ಒಟ್ಟಿಗೆ ಕಟ್ಟಿ, ಆಗುವುದಾದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು ಎಂಬ ಕರಾರಿನ ಮೇಲೆ ನಡೆಸುವ ಕೆಲಸಕ್ಕೆ ವಹಿವಾಟು ಎನ್ನುತ್ತಾರೆ. ಒಂದೇ ಯಂತ್ರದಲ್ಲಿ ಈ ಕರಾರು ಪಾಲಿಸುವುದು ಸುಲಭ. ಯಂತ್ರಗಳು ಬೇರೆ ಬೇರೆ ಊರಿನಲ್ಲಿದ್ದು, ನಡುವಿನ ತಂತಿ ಯಾವಾಗ ಬೇಕಾದರೂ ಕಡಿಯಬಹುದು ಎಂದಾದಾಗ ಅದು ಗಣಕ ವಿಜ್ಞಾನದ ಕಠಿಣ ಪ್ರಶ್ನೆಗಳಲ್ಲೊಂದಾಗುತ್ತದೆ.

ಕೋಷ್ಟಕಗಳ ಗಣಿತವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮುಂದಿಟ್ಟರು. ವಹಿವಾಟಿನ ಶಾಸ್ತ್ರವನ್ನು ಆ ದಶಕದ ಕೊನೆಯಲ್ಲಿ ಜಿಮ್ ಗ್ರೇ ಮತ್ತು ಅವರ ಸಂಗಡಿಗರು ಕಟ್ಟಿದರು. ಆದರೆ ಈ ವಿಷಯವನ್ನು ಕನ್ನಡ ಓದುಗರು ಅರಿಯಲು ದೂರ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ರೈತರು ಉತಾರ ಎಂದು ಕರೆಯುವ ಪಹಣಿ ಪತ್ರಿಕೆ, ಅದರ ಹಿಂದಿರುವ ‘ಭೂಮಿ’ ಯೋಜನೆ, ಉಪನೋಂದಣಾಧಿಕಾರಿ ಕಚೇರಿ, ಬ್ಯಾಂಕು ಇವೆಲ್ಲ ಸೇರಿದರೆ ನಮ್ಮ ಕಣ್ಣೆದುರಿಗಿರುವ ವಿತರಿತ ದತ್ತಸಂಚಯವೇ ಆಗುತ್ತದೆ. ಈ ಲೇಖನದಲ್ಲಿ ಅದೇ ಆಧಾರ.

ಉತಾರ ಎಂಬ ಕೋಷ್ಟಕ

ಕರ್ನಾಟಕದಲ್ಲಿ ಪಹಣಿಗಳು ತಲಾಠಿಯ ಕೈಬರಹದಿಂದ ಕಂಪ್ಯೂಟರಿಗೆ ಬಂದದ್ದು ಮುಖ್ಯವಾಗಿ 1999ರಿಂದ 2002ರ ನಡುವೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಈ ಕೆಲಸದ, ಅಂದರೆ ‘ಭೂಮಿ’ ಯೋಜನೆಯ, ಮುಂದಾಳತ್ವ ವಹಿಸಿದ್ದರು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಸುಮಾರು 9,000 ತಲಾಠಿಗಳ ಬಳಿ ಇದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು 177 ತಾಲ್ಲೂಕು ಕೇಂದ್ರಗಳ ಕಂಪ್ಯೂಟರುಗಳಲ್ಲಿ ಕುಳಿತವು. 15 ರೂಪಾಯಿ ಕೊಟ್ಟರೆ ಉತಾರ ಮುದ್ರಣವಾಗಿ ಕೈಗೆ ಬರುತ್ತಿತ್ತು. ಕಂಪ್ಯೂಟರೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಉತಾರಕ್ಕೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕಿತ್ತು.

ಮೊದಮೊದಲು ಪ್ರತಿ ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕಿನ ಸರ್ವರಿನಲ್ಲೇ ಇತ್ತು. ಬೈಲಹೊಂಗಲದ ಉತಾರ ಬೈಲಹೊಂಗಲದಲ್ಲಿ, ರಾಮದುರ್ಗದ್ದು ರಾಮದುರ್ಗದಲ್ಲಿ. ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಎಲ್ಲವೂ ಸೇರಿದ ಮೇಲೆ ಯಾವ ಊರಿನ ಉತಾರವನ್ನು ಯಾವ ಊರಿನಲ್ಲಾದರೂ ತೆಗೆಸಬಹುದಾಯಿತು. ಹಾಗಾಗಿ ಹಂಚಿದ ದತ್ತಸಂಚಯದಿಂದ ಕೂಡಿಸಿದ ದತ್ತಸಂಚಯಕ್ಕೆ ನಡೆದ ಪಯಣವನ್ನೂ ಭೂಮಿಯ ಇತಿಹಾಸದಲ್ಲಿ ನೋಡಬಹುದು.

ಕೋಷ್ಟಕ ಕಟ್ಟುವಾಗ ಮೊದಲ ಪ್ರಶ್ನೆ ಕಂಬಸಾಲುಗಳದು. ಉತಾರದ 9ನೇ ಕಾಲಂನಲ್ಲಿ ಕಬ್ಜೆದಾರನ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಎಂಬ ವಿವರ, 11ರಲ್ಲಿ ಇತರ ಹಕ್ಕು ಮತ್ತು ಋಣ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಬೋಜಾ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಇವುಗಳಲ್ಲಿ ಅತ್ಯಂತ ಸರಳವಾಗಿ ಕಾಣುವ ಕ್ಷೇತ್ರದ ಅಂಕಿಯೇ ಹೆಚ್ಚು ಮೋಸ ಮಾಡುವಂಥದ್ದು. 1 ಎಕರೆ 30 ಗುಂಟೆಯನ್ನು ರೈತ 1.30 ಎಂದು ಬರೆಯುತ್ತಾನೆ. ಆ ಬಿಂದು ದಶಮಾಂಶದ್ದಲ್ಲ. ಗುಂಟೆ 40 ಆದರೆ ಎಕರೆ, ಆಣೆ 16 ಆದರೆ ಗುಂಟೆ. ಕಂಬಸಾಲನ್ನು ದಶಮಾಂಶ ಸಂಖ್ಯೆ ಎಂದು ಘೋಷಿಸಿ 1.30ಕ್ಕೆ 1.30 ಕೂಡಿಸಿದರೆ ಯಂತ್ರ 2.60 ಎನ್ನುತ್ತದೆ. ಹೊಲದಲ್ಲಿ ಇರುವುದು 3 ಎಕರೆ 20 ಗುಂಟೆ. ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಡುವುದೇ ಸರಿಯಾದ ದಾರಿ. 640 ಆಣೆಗೆ ಒಂದು ಎಕರೆ. ಎಕರೆ-ಗುಂಟೆ ಎಂಬುದು ಮುದ್ರಿಸುವಾಗಿನ ರೂಪ ಮಾತ್ರ.

ಕೀಲಿ

ಕೋಷ್ಟಕದ ಪ್ರತಿ ಸಾಲನ್ನೂ ತಪ್ಪಿಲ್ಲದೆ ಗುರುತಿಸುವ ಕಂಬಸಾಲು ಅಥವಾ ಕಂಬಸಾಲುಗಳ ಜೋಡಣೆಗೆ ಪ್ರಾಥಮಿಕ ಕೀಲಿ ಎಂದು ಹೆಸರು. ವಿತರಿತ ದತ್ತಸಂಚಯದಲ್ಲಿ ಕೀಲಿಗೆ ಇನ್ನೊಂದು ಹೊಣೆಯೂ ಇದೆ: ಸಾಲು ಯಾವ ಯಂತ್ರದಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. ಆದ್ದರಿಂದ ಕೀಲಿಯ ಆಯ್ಕೆ ತಪ್ಪಿದರೆ ಮುಂದಿನದೆಲ್ಲ ದುಬಾರಿಯಾಗುತ್ತದೆ.

ಉತಾರ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಇಷ್ಟನ್ನೂ ಕೊಡಬೇಕು. ಇದೇ ಅದರ ಸಂಯುಕ್ತ ಕೀಲಿ. ನೋಡಲು ಸಹಜವಾಗಿದೆ, ಆದರೆ ಇದರ ಮೊದಲ ಮೂರು ಭಾಗಗಳು ಸರಕಾರದ ಆದೇಶದಿಂದ ಬದಲಾಗುವಂಥವು. 2011ರ ಜನಗಣತಿಯಲ್ಲಿ ಕಿತ್ತೂರು ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಬೈಲಹೊಂಗಲ ತಾಲ್ಲೂಕಿನೊಳಗೇ ಇತ್ತು. ಆ ತಾಲ್ಲೂಕು ಕೂಡ ಜನಗಣತಿಯ ಪುಸ್ತಕದಲ್ಲಿ ಸಂಪಗಾವ ಎಂಬ ಹಳೆಯ ಹೆಸರಿನಲ್ಲಿದೆ, ಸವದತ್ತಿ ಪರಸಗಡ ಎಂಬ ಹೆಸರಿನಲ್ಲಿದೆ. ಮುಂದೆ ಕಿತ್ತೂರು ತಾಲ್ಲೂಕಾಯಿತು, ಸವದತ್ತಿಯಿಂದ ಯರಗಟ್ಟಿ ಬೇರೆಯಾಯಿತು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರೇ ಅಧಿಕೃತವಾಗಿ ಬೆಳಗಾವಿ ಎಂದಾಯಿತು. ಹೊಲ ಒಂದು ಗೇಣೂ ಸರಿದಿಲ್ಲ, ಸರ್ವೆ ನಂಬರ್ ಬದಲಾಗಿಲ್ಲ, ಆದರೂ ಕೀಲಿ ಬದಲಾಯಿತು. ತಾಲ್ಲೂಕಿನ ಹೆಸರೇ ಕೀಲಿಯ ಭಾಗವಾಗಿದ್ದರೆ ಕಿತ್ತೂರು ಸೀಮೆಯ ಪ್ರತಿಯೊಂದು ಸಾಲನ್ನೂ ಅಳಿಸಿ ಹೊಸದಾಗಿ ಬರೆಯಬೇಕು. ಅದನ್ನು ಉಲ್ಲೇಖಿಸಿದ ಬ್ಯಾಂಕಿನ ಬೋಜಾ, ಬೆಳೆ ವಿಮೆ, ನ್ಯಾಯಾಲಯದ ತಡೆಯಾಜ್ಞೆ ಎಲ್ಲವನ್ನೂ ತಿದ್ದಬೇಕು. ಊರಿಗೆ ಎಂದೂ ಬದಲಾಗದ ಒಂದು ಸಂಕೇತ ಸಂಖ್ಯೆ ಕೊಟ್ಟು, ಆ ಊರು ಇಂದು ಯಾವ ತಾಲ್ಲೂಕಿನಲ್ಲಿದೆ ಎಂಬುದನ್ನು ಬೇರೆಯೇ ಒಂದು ಚಿಕ್ಕ ಕೋಷ್ಟಕದಲ್ಲಿಟ್ಟರೆ ಆ ಕೋಷ್ಟಕದ ಕೆಲವೇ ಸಾಲು ತಿದ್ದಿದರೆ ಸಾಕು. ಕೇಂದ್ರ ಸರಕಾರದ ಸ್ಥಳೀಯ ಸರಕಾರಗಳ ನಿರ್ದೇಶಿಕೆ ಊರುಗಳಿಗೆ ಸಂಕೇತ ಸಂಖ್ಯೆ ಕೊಡುವುದರ ಉದ್ದೇಶವೂ ಇಂಥದೇ.

ಹೆಸರನ್ನು ಕೀಲಿಯಾಗಿಸಬಾರದು ಎನ್ನಲು ಕನ್ನಡದವರಿಗೆ ಇನ್ನೊಂದು ಕಾರಣವಿದೆ. ಸವದತ್ತಿ ಎಂದೂ ಸೌಂದತ್ತಿ ಎಂದೂ ಬರೆಯುವವರಿದ್ದಾರೆ. ಅದು ಕಣ್ಣಿಗೆ ಕಾಣುವ ವ್ಯತ್ಯಾಸ, ತಿದ್ದಬಹುದು. ‘ಬೈಲಹೊಂಗಲ’ದ್ದು ಕಣ್ಣಿಗೆ ಕಾಣದ ತೊಂದರೆ. ಯೂನಿಕೋಡ್ ಸಂಕೇತದಲ್ಲಿ ಐತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಅದರ ಕೆಳಗಿನ ಐತ್ವದ ತುಂಡು ಎಂದು ಎರಡಾಗಿಯೂ ಇಡಬಹುದು. ಒತ್ವವೂ ಹಾಗೆಯೇ, ಒಂದೇ ಚಿಹ್ನೆಯಾಗಿ ಅಥವಾ ಎತ್ವ ಮತ್ತು ಊತ್ವವಾಗಿ. ‘ಬೈ’ಯಲ್ಲಿ ಒಂದು, ‘ಹೊ’ದಲ್ಲಿ ಇನ್ನೊಂದು. ಪರದೆಯ ಮೇಲೆ ಎರಡೂ ಬಗೆ ಒಂದೇ ತೆರನಾಗಿ ಕಾಣುತ್ತವೆ. ಬೈಟುಗಳನ್ನು ಹೋಲಿಸುವ ದತ್ತಸಂಚಯಕ್ಕೆ ಮಾತ್ರ ಅವು ಬೇರೆ ಬೇರೆ ಊರು. ಕೀಲಿಯನ್ನು ಹ್ಯಾಶ್ ಮಾಡಿ, ಅಂದರೆ ಸೂತ್ರವೊಂದರಿಂದ ಅಂಕಿಯಾಗಿಸಿ, ಯಂತ್ರ ಹುಡುಕುವ ವ್ಯವಸ್ಥೆಯಲ್ಲಿ ಒಂದು ಬೈಲಹೊಂಗಲ ಒಂದು ಯಂತ್ರಕ್ಕೂ ಇನ್ನೊಂದು ಬೈಲಹೊಂಗಲ ಮತ್ತೊಂದು ಯಂತ್ರಕ್ಕೂ ಹೋಗಿ ಕೂರಬಹುದು. ಪಠ್ಯವನ್ನು ಒಳಗೆ ಬಿಟ್ಟುಕೊಳ್ಳುವ ಮುನ್ನ ಒಂದೇ ರೂಪಕ್ಕೆ ತರುವ ಕ್ರಮ ಕನ್ನಡ ದತ್ತಾಂಶಕ್ಕೆ ಕಡ್ಡಾಯ ಎಂದೇ ತಿಳಿಯಬೇಕು.

ಹಂಚಿಕೆ ಮತ್ತು ಪ್ರತಿಗಳು

ದೊಡ್ಡ ಕೋಷ್ಟಕವನ್ನು ತುಂಡು ಮಾಡಲು ಎರಡು ಮುಖ್ಯ ವಿಧಾನಗಳಿವೆ. ಕೀಲಿಯ ಅನುಕ್ರಮದಲ್ಲೇ ಕತ್ತರಿಸುವುದು ಒಂದು. ಗೂಗಲ್‌ನ ಸ್ಪ್ಯಾನರ್, ಕಾಕ್ರೋಚ್‌ಡಿಬಿ, ಟಿಐಡಿಬಿ ಎಂಬ ದತ್ತಸಂಚಯಗಳು ಈ ದಾರಿ ಹಿಡಿದಿವೆ. ಇದರಲ್ಲಿ ಒಂದು ಊರಿನ ಸರ್ವೆ ನಂಬರುಗಳು ಅಕ್ಕಪಕ್ಕ ಇರುತ್ತವೆ, ಇಡೀ ಊರಿನ ಪಟ್ಟಿ ಕೇಳಿದರೆ ಬೇಗ ಸಿಗುತ್ತದೆ. ಕೀಲಿಯನ್ನು ಹ್ಯಾಶ್ ಮಾಡಿ ಚೆಲ್ಲುವುದು ಇನ್ನೊಂದು. ಕಸ್ಸಾಂಡ್ರ ಇದಕ್ಕೆ ಹೆಸರಾದದ್ದು. ಯೂಗಬೈಟ್‌ಡಿಬಿ ಎರಡನ್ನೂ ಒದಗಿಸುತ್ತದೆ, ಅದರ ಹ್ಯಾಶ್ ವ್ಯಾಪ್ತಿ 0ರಿಂದ 65,535ರವರೆಗೆ. ಚೆಲ್ಲುವುದರಿಂದ ಭಾರ ಎಲ್ಲ ಯಂತ್ರಗಳ ಮೇಲೂ ಸಮನಾಗಿ ಬೀಳುತ್ತದೆ, ಆದರೆ ನೆರೆಹೊರೆ ಕೆಡುತ್ತದೆ.

ಭೂ ದಾಖಲೆಗೆ ಯಾವುದು ಹೊಂದುತ್ತದೆ? ಒಂದು ಸರ್ವೆ ನಂಬರಿನ ಹಿಸ್ಸಾಗಳು ಸದಾ ಒಟ್ಟಿಗೆ ಬದಲಾಗುತ್ತವೆ. 1ನೇ ಹಿಸ್ಸಾ ಒಡೆದು 1ಅ, 1ಬ ಆದಾಗ ಮೂರು ಸಾಲುಗಳಿಗೆ ಕೈ ಹಾಕಬೇಕು. ಅವು ಮೂರು ಯಂತ್ರಗಳಲ್ಲಿ ಚೆದುರಿದ್ದರೆ ಸಾಮಾನ್ಯ ಪೋಡಿಯೂ, ಅಂದರೆ ಹೊಲದ ವಿಭಜನೆಯೂ, ದೂರದೂರದ ಯಂತ್ರಗಳ ನಡುವಿನ ಒಪ್ಪಂದವಾಗಿಬಿಡುತ್ತದೆ. ಆದ್ದರಿಂದ ಹ್ಯಾಶ್ ಬಳಸಿದರೂ ಊರು ಮತ್ತು ಸರ್ವೆ ನಂಬರಿನವರೆಗೆ ಮಾತ್ರ ಬಳಸಿ, ಹಿಸ್ಸಾವನ್ನು ಅನುಕ್ರಮದಲ್ಲೇ ಬಿಡಬೇಕು. ಒಟ್ಟಿಗೆ ಬದಲಾಗುವುದು ಒಟ್ಟಿಗೇ ಇರಬೇಕು. ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಅದು ಇದೇ.

ಹೆಸರಿನ ಮೇಲೆ ಹುಡುಕುವ ಸೌಲಭ್ಯ ಬೇಕೆಂದರೆ ಉಪಸೂಚಿ ಬೇಕು. ವಿತರಿತ ವ್ಯವಸ್ಥೆಯಲ್ಲಿ ಉಪಸೂಚಿ ಎಂದರೆ ಇನ್ನೊಂದು ಕೋಷ್ಟಕವೇ, ಬೇರೆ ಕೀಲಿಯಿಂದ ಬೇರೆ ಯಂತ್ರಗಳಲ್ಲಿ ಹಂಚಿಹೋದದ್ದು. ಉತಾರದಲ್ಲಿ ಒಂದು ಹೆಸರು ತಿದ್ದಿದರೆ ಸೂಚಿಯಲ್ಲೂ ತಿದ್ದಬೇಕು, ಅಂದರೆ ಒಂದು ಸಾಲಿನ ತಿದ್ದುಪಡಿ ತಾನೇ ತಾನಾಗಿ ಬಹುಯಂತ್ರದ ವಹಿವಾಟಾಗುತ್ತದೆ. ಸೂಚಿಗಳನ್ನು ಕೈಬಿಚ್ಚಿ ಹಾಕಬಾರದು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ತುಂಡುಗಳಾದ ಮೇಲೆ ಪ್ರತಿಗಳು. 1829-30ರಲ್ಲಿ ಸಂಗೊಳ್ಳಿ ರಾಯಣ್ಣನ ಪಡೆ ಇದೇ ಸೀಮೆಯಲ್ಲಿ ಕಂಪನಿ ಸರಕಾರದ ಕಚೇರಿಗಳಿಗೆ ಬೆಂಕಿಯಿಟ್ಟಿತು. ಕಂದಾಯದ ಕಾಗದವೇ ದಬ್ಬಾಳಿಕೆಯ ಆಯುಧವಾಗಿದ್ದ ಕಾಲವದು, ಒಂದೇ ಪ್ರತಿಯ ಕಾಗದ ಸುಟ್ಟರೆ ಲೆಕ್ಕವೇ ಸುಟ್ಟಂತೆ. ಇಂದು ಉತಾರ ರೈತನ ರಕ್ಷೆ, ಅದು ಸುಡಬಾರದು, ನೆನೆಯಬಾರದು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗ, ಸುರೇಬಾನ ಭಾಗಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಮೂರು ಪ್ರತಿ ಇಟ್ಟು ಮೂರನ್ನೂ ಒಂದೇ ನದಿಯ ದಂಡೆಯ ಊರುಗಳಲ್ಲಿಟ್ಟರೆ ಅವು ಲೆಕ್ಕಕ್ಕೆ ಮೂರು, ಪ್ರವಾಹಕ್ಕೆ ಒಂದೇ. ಪ್ರತಿಗಳು ಒಟ್ಟಿಗೆ ಹಾಳಾಗದಂಥ ಜಾಗಗಳಲ್ಲಿರಬೇಕು.

ಪ್ರತಿಗಳು ಒಂದೇ ಮಾತು ಆಡುವಂತೆ ನೋಡಿಕೊಳ್ಳುವುದು ಬಹುಮತದ ಪದ್ಧತಿ. ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸಾಸ್ 1998ರಲ್ಲಿ ಪ್ರಕಟವಾಯಿತು. ತಿಳಿಯಲು ಸುಲಭವಾಗಲಿ ಎಂದೇ ರೂಪಿಸಿದ ರಾಫ್ಟ್ 2014ರಲ್ಲಿ ಬಂತು, ಅದನ್ನು ಕೊಟ್ಟವರು ಡೀಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್. ಪ್ರತಿಗಳಲ್ಲಿ ಒಂದು ಮುಖಂಡ, ಬರಹವೆಲ್ಲ ಅದರ ಮೂಲಕ. ಮೂರರಲ್ಲಿ ಎರಡು ಪ್ರತಿಗಳು ಬರೆದುಕೊಂಡವು ಎಂದರೆ ಬರಹ ಖಚಿತ. ಮೂರು ಪ್ರತಿಗಳಿದ್ದರೆ ಒಂದು, ಐದಿದ್ದರೆ ಎರಡು ಯಂತ್ರಗಳ ಸಾವನ್ನು ತಾಳಿಕೊಳ್ಳಬಹುದು.

ತಂತಿ ಕಡಿದಾಗ ಏನು ಮಾಡಬೇಕು ಎಂಬುದಕ್ಕೆ ಎರಿಕ್ ಬ್ರೂವರ್ 2000ದಲ್ಲಿ ಹೇಳಿ, ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿದ ಪ್ರಮೇಯ ಉತ್ತರಿಸುತ್ತದೆ: ಸಂಪರ್ಕ ಕಡಿದಿರುವಾಗ ತಪ್ಪದ ಉತ್ತರವೂ ಎಂದೂ ನಿಲ್ಲದ ಸೇವೆಯೂ ಎರಡೂ ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಆಯ್ಕೆ ಕೆಲಸದ ಮೇಲೆ ನಿಂತಿದೆ. ಬೀಜಕ್ಕೋ ಗೊಬ್ಬರಕ್ಕೋ ಉತಾರದ ನಕಲು ಬೇಕೆಂದು ಬಂದವನಿಗೆ ನಿನ್ನೆಯ ಪ್ರತಿಯನ್ನು ದಿನಾಂಕ ನಮೂದಿಸಿ ಕೊಟ್ಟರೆ ತಪ್ಪೇನಿಲ್ಲ. ಖಾತೆ ಬದಲಾವಣೆಗೆ ಬಂದವನನ್ನು ಮಾತ್ರ ಸಂಪರ್ಕ ಬರುವವರೆಗೆ ಕಾಯಿಸಲೇಬೇಕು.

ವಹಿವಾಟು

ವಹಿವಾಟಿಗೆ ನಾಲ್ಕು ಗುಣಗಳನ್ನು ಹೇಳುತ್ತಾರೆ: ಅಖಂಡತೆ, ಸುಸಂಗತಿ, ಪ್ರತ್ಯೇಕತೆ, ಬಾಳಿಕೆ. ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ಆಸಿಡ್’ ಎಂದು ಕರೆದವರು ಹಾರ್ಡರ್ ಮತ್ತು ರಾಯ್ಟರ್, 1983ರಲ್ಲಿ. ಬರೆಯುವ ಕ್ರಮ ಸರಳ. ‘ಬಿಗಿನ್’ ಎಂದು ಆರಂಭ, ಓದು-ಬರಹ, ಕೊನೆಗೆ ‘ಕಮಿಟ್’. ನಡುವೆ ಎಡವಟ್ಟಾದರೆ ‘ರೋಲ್‌ಬ್ಯಾಕ್’, ಆಗ ಏನೂ ನಡೆದೇ ಇಲ್ಲ ಎಂಬ ಸ್ಥಿತಿ.

ಅಖಂಡತೆ ಮತ್ತು ಬಾಳಿಕೆಗೆ ದತ್ತಸಂಚಯಗಳು ಬಳಸುವ ಉಪಾಯ ದಿನಚರಿ ಪುಸ್ತಕದ್ದು. ಕೋಷ್ಟಕವನ್ನು ಮುಟ್ಟುವ ಮೊದಲು ಏನು ಮಾಡಲಿದ್ದೇನೆ ಎಂಬುದನ್ನು ದಿನಚರಿಯ ಕೊನೆಗೆ ಬರೆಯಬೇಕು. ಯಂತ್ರ ನಡುವೆ ನಿಂತುಹೋದರೂ ದಿನಚರಿ ಓದಿ ಕೋಷ್ಟಕವನ್ನು ಸರಿಪಡಿಸಬಹುದು. ಕಂದಾಯ ಪದ್ಧತಿಯಲ್ಲಿ ಇದು ಮೊದಲಿಂದಲೂ ಇದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಮಿನಂತೆ ಹಕ್ಕು ಪಡೆದವನು ವರ್ದಿ ಕೊಡಬೇಕು, 129ನೇ ಕಲಮಿನಂತೆ ಅದು ಮೊದಲು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ, ರಿಜಿಸ್ಟರಿಗೆ ಏರಬೇಕು, ದೃಢಪಟ್ಟ ಮೇಲೆ ಉತಾರಕ್ಕೆ ಇಳಿಯಬೇಕು. ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ, ಹೊಸ ನಂಬರ್ ಹಾಕಿ ಮುಂದುವರಿಯಬೇಕು. ಉತಾರ ಹರಿದರೂ ರಿಜಿಸ್ಟರಿನಿಂದ ಮತ್ತೆ ಕಟ್ಟಬಹುದು. ಜಾಣತನ ಎಂದರೆ ಇದು, ಮತ್ತು ಇದು ಕಂದಾಯ ಕಚೇರಿಗೆ ಬಂದ ಕಂಪ್ಯೂಟರಿಗಿಂತ ಹಳೆಯದು.

ಎರಡು ತಾಲ್ಲೂಕಿನ ವಾಟ್ನಿ

ನೇಸರಗಿಯಲ್ಲಿ 4 ಎಕರೆ, ಸುರೇಬಾನದಲ್ಲಿ 4 ಎಕರೆ ಇರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅಣ್ಣ-ತಮ್ಮಂದಿರ ವಾಟ್ನಿಯಲ್ಲಿ, ಅಂದರೆ ಆಸ್ತಿಯ ಪಾಲಿನಲ್ಲಿ, ಅಣ್ಣನಿಗೆ ನೇಸರಗಿಯದು, ತಮ್ಮನಿಗೆ ಸುರೇಬಾನದ್ದು. ನೇಸರಗಿ ಬೈಲಹೊಂಗಲ ತಾಲ್ಲೂಕು, ಸುರೇಬಾನ ರಾಮದುರ್ಗ ತಾಲ್ಲೂಕು. ತಾಲ್ಲೂಕಿಗೊಂದು ಸರ್ವರ್ ಇದ್ದಾಗ ಇದು ಶುದ್ಧ ವಿತರಿತ ವಹಿವಾಟು. ನೇಸರಗಿಯ ಖಾತೆ ಅಣ್ಣನ ಹೆಸರಿಗಾಗಿ, ಸುರೇಬಾನದ್ದು ಯಾವುದೋ ಕಾರಣಕ್ಕೆ ನಿಂತರೆ ತಮ್ಮನ ಪಾಲು ಜಂಟಿ ಹೆಸರಿನಲ್ಲೇ ಉಳಿಯುತ್ತದೆ. ಅಂದರೆ ಅಣ್ಣನಿಗೆ ಪೂರಾ ಒಂದು ಹೊಲ ಮತ್ತು ಇನ್ನೊಂದರಲ್ಲಿ ಅರ್ಧ. ಮನೆ ಒಡೆಯುವ ಜಗಳಗಳು ಹೀಗೇ ಹುಟ್ಟುತ್ತವೆ.

ಇದಕ್ಕೆ ಗಣಕ ಶಾಸ್ತ್ರದ ಪರಿಹಾರ ಎರಡು ಹಂತದ ಒಪ್ಪಿಗೆ. ಒಬ್ಬ ಸಂಯೋಜಕ. ಮೊದಲ ಹಂತದಲ್ಲಿ ಅವನು ಎರಡೂ ಸರ್ವರುಗಳನ್ನು ‘ಸಿದ್ಧವೇ?’ ಎಂದು ಕೇಳುತ್ತಾನೆ. ಸಿದ್ಧ ಎನ್ನುವ ಮುನ್ನ ಸರ್ವರು ಎಲ್ಲ ತಪಾಸಣೆ ಮುಗಿಸಿ, ಬದಲಾವಣೆಯನ್ನು ತನ್ನ ದಿನಚರಿಗೆ ಬರೆದು, ಆ ಸಾಲುಗಳಿಗೆ ಬೀಗ ಹಾಕಬೇಕು. ಸಿದ್ಧ ಎಂದ ಮೇಲೆ ಹಿಂದೆ ಸರಿಯುವ ಹಕ್ಕಿಲ್ಲ. ಎರಡನೇ ಹಂತದಲ್ಲಿ ಎಲ್ಲರೂ ಸಿದ್ಧ ಎಂದಿದ್ದರೆ ಸಂಯೋಜಕ ‘ಖಚಿತ’ ಎಂದು ತನ್ನ ದಿನಚರಿಗೆ ಬರೆದು ಎಲ್ಲರಿಗೂ ತಿಳಿಸುತ್ತಾನೆ. ಒಬ್ಬ ಒಲ್ಲೆ ಎಂದರೂ ‘ರದ್ದು’.

ಇದರ ದೌರ್ಬಲ್ಯ ಪ್ರಸಿದ್ಧ. ಇಬ್ಬರೂ ಸಿದ್ಧ ಎಂದ ಮೇಲೆ, ನಿರ್ಣಯ ತಿಳಿಸುವ ಮೊದಲು ಸಂಯೋಜಕನೇ ನಿಂತುಹೋದರೆ ಸರ್ವರುಗಳು ಬೀಗ ಹಿಡಿದುಕೊಂಡು ಕಾಯುತ್ತ ಕೂರಬೇಕು. ಆ ಹೊಲದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಸ್ಪ್ಯಾನರ್ ಮಾದರಿಯ ವ್ಯವಸ್ಥೆಗಳು ಸಂಯೋಜಕನನ್ನೂ ಬಹುಮತದ ಗುಂಪಿನ ಮೇಲೆ ನಿಲ್ಲಿಸಿ ಈ ತೊಂದರೆ ಕಡಿಮೆ ಮಾಡಿವೆ, ಒಬ್ಬ ಬಿದ್ದರೆ ಅವನ ದಿನಚರಿಯ ಪ್ರತಿ ಹಿಡಿದು ಇನ್ನೊಬ್ಬ ಏಳುತ್ತಾನೆ. ಕಾಯುವಿಕೆಯನ್ನು ತಗ್ಗಿಸುವ ಇನ್ನೊಂದು ದಾರಿ ಕರ್ನಾಟಕದಲ್ಲೇ ಹೊಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರು ರಮೇಶ್ ಗುಪ್ತ, ಕೃತಿ ರಾಮಾಮೃತಮ್ ಅವರೊಂದಿಗೆ 1997ರಲ್ಲಿ ಮಂಡಿಸಿದ ‘ಆಪ್ಟ್’ ಎಂಬ ವಿಧಾನದಲ್ಲಿ, ಸಿದ್ಧವಾಗಿ ನಿರ್ಣಯಕ್ಕೆ ಕಾದಿರುವ ಸಾಲನ್ನು ಬೇರೆ ವಹಿವಾಟು ಕಡ ಪಡೆಯಬಹುದು. ಕಡ ಕೊಟ್ಟದ್ದು ರದ್ದಾದರೆ ಪಡೆದದ್ದೂ ರದ್ದು. ಕಡ ಪಡೆದದ್ದು ಮಾತ್ರ ಕೊಟ್ಟದ್ದರ ಹಣೆಬರಹ ತಿಳಿಯುವವರೆಗೆ ಸಿದ್ಧ ಎನ್ನುವಂತಿಲ್ಲ, ಆದ್ದರಿಂದ ರದ್ದತಿಯ ಸರಣಿ ಉದ್ದವಾಗುವುದಿಲ್ಲ. ಸಿದ್ಧ ಎಂದವರು ಬಹುಪಾಲು ಖಚಿತವೇ ಆಗುತ್ತಾರೆ ಎಂಬ ಭರವಸೆ ಇದರ ಅಡಿಪಾಯ.

ಕಾಗದದ ಕಾಲದ ಕಾನೂನು ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಬಿಡಿಸಿತ್ತು. 1908ರ ನೋಂದಣಿ ಕಾಯ್ದೆಯ 64ನೇ ಕಲಂ ಪ್ರಕಾರ ಒಂದು ದಸ್ತಾವೇಜಿನ ಜಮೀನು ಬೇರೆ ಉಪಜಿಲ್ಲೆಯಲ್ಲೂ ಇದ್ದರೆ, ನೋಂದಾಯಿಸಿದ ಅಧಿಕಾರಿ ಅದರ ಟಿಪ್ಪಣಿಯನ್ನು ಆ ಕಚೇರಿಗೆ ಕಳಿಸಬೇಕು, ಅವರು ಅದನ್ನು ತಮ್ಮ 1ನೇ ನಂಬರ್ ಪುಸ್ತಕದಲ್ಲಿ ಲಗತ್ತಿಸಬೇಕು. ಒಂದು ಕಡೆ ನಿರ್ಣಯ, ಉಳಿದ ಕಡೆಗೆ ಸಂದೇಶ. ಇದು ತಡವಾದ ಸುಸಂಗತಿ: ಎಲ್ಲ ಪುಸ್ತಕಗಳೂ ಕೊನೆಗೆ ಒಂದಾಗುತ್ತವೆ, ತಕ್ಷಣವಲ್ಲ.

ಏಕಕಾಲದ ಓದು-ಬರಹ

ಪ್ರತ್ಯೇಕತೆಯ ಗುಣ ಎಷ್ಟು ಸೂಕ್ಷ್ಮ ಎಂಬುದಕ್ಕೆ ಆಕಾರಬಂದ್ ಒಳ್ಳೆಯ ಉದಾಹರಣೆ. ಒಂದು ಸರ್ವೆ ನಂಬರಿನ ಒಟ್ಟು ಕ್ಷೇತ್ರ ಭೂಮಾಪನ ಇಲಾಖೆಯ ಆಕಾರಬಂದ್‌ನಲ್ಲಿದೆ. ಉತಾರಗಳ ಕ್ಷೇತ್ರ ಕೂಡಿಸಿದರೆ ಅದಕ್ಕೆ ಸಮನಾಗಬೇಕು, ಮೀರಬಾರದು. 4 ಎಕರೆಯ ಜಂಟಿ ಹೊಲದಲ್ಲಿ ಇಬ್ಬರು ಪಾಲುದಾರರು ಒಂದೇ ಗಳಿಗೆಗೆ ಎರಡೂವರೆ ಎಕರೆಯಂತೆ ಮಾರಿದರು ಎನ್ನೋಣ. ಎರಡು ಪರದೆಗಳಲ್ಲಿ ಎರಡು ವಹಿವಾಟು. ಎರಡೂ ‘ಈವರೆಗೆ ಮಾರಿದ್ದು ಎಷ್ಟು?’ ಎಂದು ಓದುತ್ತವೆ, ಎರಡಕ್ಕೂ ಸೊನ್ನೆ ಸಿಗುತ್ತದೆ, ಎರಡೂ ಹೊಸ ಸಾಲು ಸೇರಿಸುತ್ತವೆ. ಒಂದೇ ಸಾಲಿಗೆ ಇಬ್ಬರೂ ಕೈ ಹಾಕಿಲ್ಲವಾದ್ದರಿಂದ ಬೀಗ ಅಡ್ಡ ಬರುವುದಿಲ್ಲ. ಕೊನೆಗೆ 4 ಎಕರೆಯ ಹೊಲದಲ್ಲಿ 5 ಎಕರೆ ಮಾರಾಟ. ಇದಕ್ಕೆ ಬರಹದ ಓರೆ ಎನ್ನಬಹುದು. ಚಿತ್ರಸ್ಥಿತಿ ಪ್ರತ್ಯೇಕತೆ ಎಂಬ ಜನಪ್ರಿಯ ಮಟ್ಟ ಇದನ್ನು ತಡೆಯುವುದಿಲ್ಲ ಎಂದು 1995ರಲ್ಲೇ ಬೆರೆನ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಪರಿಹಾರ ಎರಡು. ಒಂದು, ಅತ್ಯಂತ ಕಟ್ಟುನಿಟ್ಟಾದ ಸರಣಿ ಮಟ್ಟವನ್ನು ಆರಿಸುವುದು. ಆಗ ವಹಿವಾಟುಗಳು ಒಂದರ ಹಿಂದೆ ಒಂದು ನಡೆದಂತೆಯೇ ಫಲ ಬರುತ್ತದೆ. ಕಾಕ್ರೋಚ್‌ಡಿಬಿಯಲ್ಲಿ ಇದೇ ರೂಢಿಯ ಮಟ್ಟ. ಇದರ ಬೆಲೆ ಎಂದರೆ ದತ್ತಸಂಚಯ ಆಗಾಗ ‘ಘರ್ಷಣೆಯಾಯಿತು, ಮತ್ತೆ ಮಾಡು’ ಎನ್ನುತ್ತದೆ, ಮತ್ತೆ ಮಾಡುವ ಹೊಣೆ ತಂತ್ರಾಂಶ ಬರೆದವರದು. ಎರಡು, ಸರ್ವೆ ನಂಬರಿಗೊಂದು ತಾಯಿಸಾಲು ಇಟ್ಟು, ಉಳಿದ ಕ್ಷೇತ್ರವನ್ನು ಅದರಲ್ಲೇ ಬರೆದು, ಪ್ರತಿ ಮಾರಾಟವೂ ಮೊದಲು ಅದಕ್ಕೆ ಬೀಗ ಹಾಕುವಂತೆ ಮಾಡುವುದು. ನನ್ನ ಒಲವು ಎರಡನೆಯದರ ಕಡೆಗೆ. ನಿಯಮ ಎಲ್ಲಿದೆ ಎಂದು ಕೋಷ್ಟಕ ನೋಡಿದವರಿಗೆಲ್ಲ ಕಾಣುತ್ತದೆ.

ಓದುವವರಿಗೆ ಮಾತ್ರ ಬೀಗದ ಗೋಜು ಬೇಡ. ಈಗಿನ ದತ್ತಸಂಚಯಗಳು ಪ್ರತಿ ಸಾಲಿನ ಹಲವು ಆವೃತ್ತಿಗಳನ್ನು ಕಾಲಮುದ್ರೆಯೊಂದಿಗೆ ಇಡುತ್ತವೆ. ಓದುಗನಿಗೆ ಅವನು ಕೇಳಿದ ಗಳಿಗೆಯ ಚಿತ್ರ ಸಿಗುತ್ತದೆ, ಪಕ್ಕದಲ್ಲಿ ತಿದ್ದುಪಡಿ ನಡೆಯುತ್ತಿದ್ದರೂ.

ಕಾಲಮುದ್ರೆ ಎಂದರೆ ಯಾರ ಗಡಿಯಾರ? ಎರಡು ಯಂತ್ರಗಳ ಗಡಿಯಾರಗಳು ಎಂದೂ ಕೂಡಿ ನಡೆಯುವುದಿಲ್ಲ. ಬೆಳಗಾವಿಗೂ ಬೆಂಗಳೂರಿಗೂ 500 ಕಿಲೋಮೀಟರ್ ಹಿಡಿದರೆ, ಗಾಜಿನ ತಂತಿಯಲ್ಲಿ ಬೆಳಕು ಹೋಗಿ ಬರಲು ಕನಿಷ್ಠ 5 ಮಿಲಿಸೆಕೆಂಡ್ ಬೇಕು. ಸ್ಪ್ಯಾನರ್ 2012ರಲ್ಲಿ ಪರಮಾಣು ಗಡಿಯಾರ ಮತ್ತು ಜಿಪಿಎಸ್ ಬಳಸಿ ಗಡಿಯಾರದ ಅನಿಶ್ಚಿತತೆಯನ್ನೇ ಅಳೆದು, ಅಷ್ಟು ಹೊತ್ತು ಕಾದು ಕಮಿಟ್ ಮಾಡುವ ದಾರಿ ತೋರಿಸಿತು. ಅಂಥ ಗಡಿಯಾರವಿಲ್ಲದವರು ತರ್ಕದ ಗಡಿಯಾರವನ್ನು ಭೌತಿಕ ಗಡಿಯಾರದೊಂದಿಗೆ ಬೆರೆಸುತ್ತಾರೆ. ಕಾನೂನಿನ ಕಾಲ ಇದಕ್ಕಿಂತ ಬೇರೆ. ನೋಂದಣಿ ಕಾಯ್ದೆಯ 47ನೇ ಕಲಮಿನಂತೆ ನೋಂದಾಯಿತ ದಸ್ತಾವೇಜು ಜಾರಿಗೆ ಬರುವುದು ಅದನ್ನು ಬರೆದುಕೊಟ್ಟ ಹೊತ್ತಿನಿಂದ, ನೋಂದಣಿಯಾದ ಹೊತ್ತಿನಿಂದಲ್ಲ. ಆದ್ದರಿಂದ ಭೂ ದಾಖಲೆಯ ಕೋಷ್ಟಕದಲ್ಲಿ ಎರಡು ಕಾಲದ ಕಂಬಸಾಲುಗಳು ಬೇಕೇ ಬೇಕು, ಘಟನೆ ನಡೆದದ್ದಕ್ಕೊಂದು, ದತ್ತಸಂಚಯಕ್ಕೆ ಬಂದದ್ದಕ್ಕೊಂದು.

ದೀರ್ಘ ವಹಿವಾಟು

ದತ್ತಸಂಚಯದ ವಹಿವಾಟು ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕು. ಖಾತೆ ಬದಲಾವಣೆಯಲ್ಲಿ ಆಕ್ಷೇಪಣೆಗೆ ಕಾಯಬೇಕಾದ ಅವಧಿ ಭೂಮಿ ಆರಂಭವಾದಾಗ 30 ದಿನ. 30 ದಿನ ಬೀಗ ಹಿಡಿದು ಕೂರುವ ದತ್ತಸಂಚಯ ಜಗತ್ತಿನಲ್ಲಿಲ್ಲ. ಇಂಥ ಕೆಲಸವನ್ನು ಚಿಕ್ಕ ಚಿಕ್ಕ ವಹಿವಾಟುಗಳ ಸರಪಳಿಯಾಗಿ ಕಟ್ಟಿ, ನಡುವೆ ಕೈಕೊಟ್ಟರೆ ಹಿಂದಿನ ಹೆಜ್ಜೆಗಳಿಗೆ ಪರಿಹಾರದ ಹೆಜ್ಜೆ ಇಡುವ ವಿಧಾನವನ್ನು 1987ರಲ್ಲಿ ಗಾರ್ಸಿಯಾ-ಮೊಲಿನಾ ಮತ್ತು ಸೇಲಂ ‘ಸಾಗಾ’ ಎಂದು ಕರೆದರು. ಖರೀದಿ ಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾಗುತ್ತದೆ, ಅಲ್ಲಿಂದ ಅದರ ವಿವರದ ‘ಜೆ ಸ್ಲಿಪ್’ ಭೂಮಿಗೆ ಹೋಗುತ್ತದೆ, ನೋಟಿಸು ಹೊರಡುತ್ತದೆ, ಆಕ್ಷೇಪಣೆ ಇಲ್ಲದಿದ್ದರೆ ಉತಾರ ಬದಲಾಗುತ್ತದೆ. ಪ್ರತಿ ಹೆಜ್ಜೆಯೂ ತನ್ನಷ್ಟಕ್ಕೆ ಪೂರ್ಣ. ನಡುವಿನ ದಿನಗಳಲ್ಲಿ ಸಾಲಿಗೆ ಬೀಗವಿಲ್ಲ, ‘ವಹಿವಾಟು ಬಾಕಿ’ ಎಂಬ ಗುರುತು ಇರುತ್ತದೆ, ಆ ಗುರುತನ್ನು ಎಲ್ಲರೂ ನೋಡಬಹುದು.

ಖಾತೆ ಬದಲಾವಣೆಯ ಆದೇಶ ತಪ್ಪಾಗಿದೆ ಎನಿಸಿದವರು ಭೂ ಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕಿನವರಿಗೆ ಆ ಕಚೇರಿ ಬೈಲಹೊಂಗಲದಲ್ಲಿದೆ. ಅಲ್ಲಿ ಗೆದ್ದರೆ ಹಳೆಯ ನಮೂದನ್ನು ಅಳಿಸುವುದಿಲ್ಲ, ಅದನ್ನು ತಿರುಗಿಸುವ ಹೊಸ ನಮೂದು ಏರುತ್ತದೆ. ಸಾಗಾ ಪದ್ಧತಿಯ ಪರಿಹಾರದ ಹೆಜ್ಜೆ ಅಕ್ಷರಶಃ ಇದೇ. ಸಂದೇಶ ಆಧಾರಿತ ಸರಪಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಉತ್ತರ ಬರಲಿಲ್ಲ ಎಂದು ಅದೇ ಸ್ಲಿಪ್ಪನ್ನು ಎರಡು ಸಲ ಕಳಿಸಿದರೆ ಎರಡು ಖಾತೆ ಬದಲಾವಣೆ ಆಗಬಾರದು. ದಸ್ತಾವೇಜಿನ ನಂಬರನ್ನೇ ಅನನ್ಯ ಕೀಲಿಯಾಗಿಟ್ಟರೆ ಎರಡನೆಯದು ತಾನಾಗಿ ನಿಲ್ಲುತ್ತದೆ.

ಹೊಲದಲ್ಲಿ ಕೂಡ ವಿತರಿತ ದತ್ತಸಂಚಯದ ತುದಿಯಿದೆ. 2020ರಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆ ಸಮೀಕ್ಷೆಯ ವಿವರ ತುಂಬಬಹುದಾಗಿದೆ. ಸಿಗ್ನಲ್ ಇಲ್ಲದ ಹೊಲದಲ್ಲಿ ಬರೆದದ್ದು ಸಿಗ್ನಲ್ ಸಿಕ್ಕಾಗ ಮೇಲೇರಬೇಕು, ಒಂದೇ ಹೊಲಕ್ಕೆ ಒಬ್ಬ ಹತ್ತಿ, ಇನ್ನೊಬ್ಬ ಗೋವಿನಜೋಳ ಎಂದು ಬರೆದಿದ್ದರೆ ತಕರಾರು ಬಿಡಿಸಲು ಮನುಷ್ಯನೇ ಬೇಕು. ಕೊನೆಯ ಬರಹವೇ ಸರಿ ಎಂಬ ಸುಲಭ ನಿಯಮಕ್ಕೆ ಬೆಳೆ ವಿಮೆಯ ಹಣವನ್ನು ಒಪ್ಪಿಸಲಾಗದು.

ಕೊನೆಗೆ ಎರಡು ತಾಲ್ಲೂಕಿನ ವಾಟ್ನಿಗೆ ಮರಳೋಣ. ದತ್ತಾಂಶವೆಲ್ಲ ಒಂದೇ ಕೇಂದ್ರಕ್ಕೆ ಬಂದಿದ್ದರೂ ಮ್ಯುಟೇಶನ್ ನಂಬರ್ ಬೀಳುವುದು ಊರುವಾರು. ಎರಡು ಊರಿನ ವಾಟ್ನಿಗೆ ಎರಡು ನಂಬರ್. ಆದ್ದರಿಂದ ವಾಟ್ನಿ ಮಾಡಿಕೊಂಡವರು ಒಂದು ಊರಿನ ಉತಾರ ಕೈಗೆ ಬಂತೆಂದು ಸುಮ್ಮನಾಗಬೇಡಿ. ಎರಡೂ ಊರಿನ ಉತಾರ ತೆಗೆಸಿ, 9ನೇ ಕಾಲಂನ ಹೆಸರು ಓದಿ, ಕ್ಷೇತ್ರವನ್ನು ಎಕರೆ-ಗುಂಟೆಯಲ್ಲಿ ಕೂಡಿಸಿ, ಆಕಾರಬಂದ್ ಜೊತೆ ತಾಳೆ ನೋಡಿ.